ನರ್ಸಮ್ಮನ ನಂಬರು

ಮದುವೆಯಾಗಿ ತಿ. ನರಸೀಪುರಕ್ಕೆ ಬಂದ ಮೂರನೇ ವಾರವೇ ಮನೆಯಲ್ಲಿ ವನಿತಾಳ ಮೊಬೈಲಿನ ಮಾತು ಎದ್ದಿತು. ಅದು ೨೦೦೬ನೇ ಇಸವಿ. ಗಂಡ ಪ್ರಸಾದ್ ಊರಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ವನಿತಾ ನಂಜನಗೂಡು ತಾಲ್ಲೂಕಿನ ಹೆಡತಲೆ ಸುತ್ತಿನ ಹಳ್ಳಿಗಳಿಗೆ ಸರ್ಕಾರಿ ನರ್ಸು. ಇಬ್ಬರದೂ ಬೇರೆ ಬೇರೆ ಕಂಪನಿಯ ಫೋನು. ಒಂದೇ ಕಂಪನಿಯಲ್ಲಿ ಇಬ್ಬರಿಗೂ ಸೇರಿ ಪ್ಲಾನು ತಗೊಂಡರೆ ಬಿಲ್ಲು ಒಂದೇ, ತಮ್ಮೊಳಗೆ ಎಷ್ಟು ಮಾತಾಡಿದರೂ ಪುಕ್ಕಟೆ. ಆದರೆ ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಅನುಕೂಲ ಆಗಿನ್ನೂ ಬಂದಿರಲಿಲ್ಲ. ಇಬ್ಬರಲ್ಲೊಬ್ಬರು ಹಳೆಯ ನಂಬರು ಬಿಡಲೇಬೇಕಿತ್ತು.

ಯಾರು ಬಿಡಬೇಕೆಂಬುದು ಮನೆಯವರಿಗೆ ಪ್ರಶ್ನೆಯೇ ಆಗಿರಲಿಲ್ಲ.

“ಅಂಗ್ಡಿ ಬೋರ್ಡಲ್ಲಿ ಅವ್ನ ನಂಬರ್ ಬರ್ಸೈತೆ. ನೀನೇ ಒಸಾದು ತಗೊಂಬುಡವ್ವ,” ಎಂದರು ಅತ್ತೆ ಕೆಂಪಾಜಮ್ಮ, ಅವರೆಕಾಯಿ ಸುಲಿಯುತ್ತಾ.

ತನ್ನ ಫೋನು ಕೊಂಡ ದಿನ ವನಿತಾಳಿಗೆ ನೆನಪಾಯಿತು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಅವಳು ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದಾಗ ಇನ್ನೊಂದು ಹಳ್ಳಿಯಲ್ಲಿ ಹೆಂಗಸೊಬ್ಬಳಿಗೆ ಹೆರಿಗೆ ನೋವು ಬಂದಿತ್ತು. ಹುಡುಕಿ ಬಂದವರಿಗೆ ಅವಳು ಸಿಕ್ಕಿರಲಿಲ್ಲ. ಮಗು ಉಳಿಯಲಿಲ್ಲ. ಆ ತಿಂಗಳ ಸಂಬಳದಲ್ಲೇ ಮೊಬೈಲು ಕೊಂಡು, ಬ್ರಷ್ಷು ಹಿಡಿದು, ಹಳ್ಳಿ ಹಳ್ಳಿಯಲ್ಲೂ ತಾನೇ ನಂಬರು ಬರೆದು ಬಂದಿದ್ದಳು.

“ಅತ್ತೆ, ನನ್ನ ನಂಬರ್ ಬರ್ದಿರೋ ಜಾಗಗಳೂ ಅವೆ. ಭಾನುವಾರ ಇವ್ರಿಗೆ ತೋರಿಸ್ತೀನಿ. ಆಮೇಲೆ ಇವ್ರು ಏನ್ ಹೇಳಿದ್ರೂ ಸರಿ,” ಎಂದಳು.

ಭಾನುವಾರ ಬೈಕಿನಲ್ಲಿ ಹೊರಟರು. ಅಂಗನವಾಡಿ ಗೋಡೆ, ಹಿಟ್ಟಿನ ಗಿರಣಿಯ ಬಾಗಿಲು, ನ್ಯಾಯಬೆಲೆ ಅಂಗಡಿಯ ಕಂಬ. ಎಲ್ಲ ಕಡೆಯೂ ನೀಲಿ ಬಣ್ಣದ ಅದೇ ಹತ್ತು ಅಂಕಿ. ಪ್ರಸಾದ್ ಎಲ್ಲವನ್ನೂ ನೋಡಿದ.

“ಒಂದ್ ಡಬ್ಬಿ ಪೇಂಟ್ ತಂದ್ರೆ ಇವನ್ನೆಲ್ಲ ಮತ್ತೆ ಬರೀಬೋದಲ್ವಾ?” ಎಂದ.

ಮಾತು ಸುಳ್ಳಲ್ಲ.

ಅಷ್ಟರಲ್ಲಿ ಮೊಮ್ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಆ ಊರಿನ ರುದ್ರಮ್ಮ ಬಂದರು. ಹಿಂದಿನ ವರ್ಷ ಅವರ ಸೊಸೆಗೆ ಹೆರಿಗೆ ಕಷ್ಟವಾದಾಗ ವನಿತಾ ಜೀಪು ಮಾಡಿಸಿ ನಂಜನಗೂಡು ಆಸ್ಪತ್ರೆಗೆ ಸೇರಿಸಿದ್ದಳು. ನಂಬರಿನ ವಿಷಯ ಕೇಳುತ್ತಲೇ ರುದ್ರಮ್ಮ ಗಾಬರಿಯಾದರು.

“ಅಯ್ಯೋ, ಬದ್ಲಾಯಿಸ್ಬ್ಯಾಡಿ ಕಣಪ್ಪ! ನಂಗೆ ಓದಾಕ್ ಬರಾಕಿಲ್ಲ. ನಮ್ ನರ್ಸಮ್ಮನ ನಂಬರ್ ಬೆರಳಿಗೆ ಗೊತ್ತೈತೆ ಅಷ್ಟೇಯ.”

ಪ್ರಸಾದ್‌ಗೆ ಅರ್ಥವಾಗಲಿಲ್ಲ. ರುದ್ರಮ್ಮ ಅವನನ್ನು ಎದುರಿನ ಅಂಗಡಿಯ ಕಾಯಿನ್ ಫೋನಿನ ಹತ್ತಿರ ಕರೆದೊಯ್ದು, ಒಂದು ರೂಪಾಯಿ ಹಾಕಿ, ಗುಂಡಿಗಳ ಮೇಲೆ ಬೆರಳಿಟ್ಟರು. “ಮೂರ್ನೇ ಸಾಲಿನ ಮೂಲೆ, ಅದ್ರ ಪಕ್ಕದ್ದು…” ಎಂದು ಗೊಣಗುತ್ತಾ ಹತ್ತು ಸಲ ಒತ್ತಿದರು. ಪ್ರಸಾದನ ಪಕ್ಕದಲ್ಲಿ ನಿಂತಿದ್ದ ವನಿತಾಳ ಕೈಯಲ್ಲಿ ಫೋನು ರಿಂಗಾಯಿತು.

“ಪಕ್ಕದ್ಮನೆ ಚಿನ್ನಮ್ಮಂಗೂ ಇಂಗೇ ಕಲಿಸಿವ್ನಿ, ಆ ಬೀದಿಯೋರ್ಗೂ ಕಲಿಸಿವ್ನಿ,” ಎಂದರು ರುದ್ರಮ್ಮ.

ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಪ್ರಸಾದ್ ಬೈಕು ನಿಧಾನ ಮಾಡಿ ಹೇಳಿದ: “ನನ್ ಗಿರಾಕಿಗಳು ಅಂಗಡಿ ಹುಡುಕ್ಕೊಂಡು ಬರ್ತಾರೆ. ಮನೇಲಿ ಹೆರಿಗೆ ನೋವು ಬಂದ್ರೆ ಆಯಮ್ಮಂಗೆ ನಿನ್ನ ಹುಡುಕೋ ಅಷ್ಟು ಹೊತ್ತು ಇರಲ್ಲ. ನನ್ನದೇ ಬಿಡ್ತೀನಿ.”

ಮರುದಿನ ಮೊಬೈಲ್ ಅಂಗಡಿಯ ಅಮೃತೇಶ್ ಅರ್ಜಿ ತುಂಬಲು ಕೂತ. “ಮೇನ್ ಕನೆಕ್ಷನ್ ಯಜಮಾನ್ರ ಹೆಸರಿಗೇ ಹಾಕ್ಲಾ?” ಎಂದು ವನಿತಾಳನ್ನು ಕೇಳಿದ.

“ಬೇಡಿ. ಈ ನಂಬರ್ ನನ್ನ ಹೆಸರಲ್ಲೈತೆ, ಅದೇ ಮೇನ್. ಅವರದು ಅದ್ರ ಜೊತೆಗೆ ಸೇರಿಸಿ,” ಎಂದಳು ವನಿತಾ. ಪ್ರಸಾದ್ ನಗುತ್ತಾ ತನ್ನ ಫೋಟೋ ಮುಂದಿಟ್ಟ.

ಬೋರ್ಡಿನ ಹಳೇ ನಂಬರನ್ನು ಅವನೇ ಅಳಿಸಿ ಹೊಸದು ಬರೆದ. ಎರಡು ತಿಂಗಳು ಹೊರಗಿನ ಕೆಲಸ ಕಡಿಮೆಯಾದದ್ದು ನಿಜ. ಫೋನು ತಾಗದೆ ಹುಡುಕಿಕೊಂಡು ಬಂದ ಪ್ರತಿಯೊಬ್ಬರಿಗೂ ಅವನು ರುದ್ರಮ್ಮನ ಬೆರಳಿನ ಕಥೆ ಹೇಳಿದ. ಸೋಸಲೆಯಿಂದ ಮೋಟಾರು ತಂದವರಿಗೂ ಹೇಳಿದ.

ಮೊದಲ ಬಿಲ್ಲು ಬಂದಾಗ ಮಾವ ಬೋರಯ್ಯನವರು ಕವರಿನ ಮೇಲಿದ್ದ ಸೊಸೆಯ ಹೆಸರನ್ನು ನಿಧಾನವಾಗಿ, ಜೋರಾಗಿ ಓದಿದರು. ನಮ್ಮ ಮನೆ ವಿಳಾಸಕ್ಕೆ ಹೆಣ್ಣುಮಗಳ ಹೆಸರಲ್ಲಿ ಬಂದ ಮೊದಲ ಕಾಗದ ಇದು ಎಂದರು. ಕೆಂಪಾಜಮ್ಮ ಅದನ್ನು ಕೈಗೆ ತೆಗೆದುಕೊಂಡು ಪಕ್ಕದ ಮನೆಯವರಿಗೆ ತೋರಿಸಲು ಹೊರಟೇಬಿಟ್ಟರು. ಬಾಗಿಲಲ್ಲಿ ನಿಂತ ವನಿತಾ ಅವರನ್ನು ತಡೆಯಲಿಲ್ಲ.