ಅಕ್ಕನ ವ್ಯಾನು ನಿಂತ ಜಾಗ

ಮುಳಬಾಗಿಲಿನ ನಮ್ಮ ಮನೆಯ ಅಂಗಳ ಬೆಟ್ಟದ ಮಗ್ಗುಲಿಗೆ ಒರಗಿಕೊಂಡದ್ದರಿಂದ, ಬಾವಿಯ ಬಳಿ ಚೆಲ್ಲಿದ ನೀರು ಯಾರ ಅಪ್ಪಣೆಗೂ ಕಾಯದೆ ಬೀದಿಯ ಗೇಟಿನವರೆಗೆ ನಡೆದುಹೋಗುತ್ತಿತ್ತು. ಇಳಿಜಾರಿನಲ್ಲೇ ಹುಟ್ಟಿ ಬೆಳೆದವರಿಗೆ ಇಳಿಜಾರು ಕಾಣಿಸುವುದಿಲ್ಲ, ಗೆಳೆಯರೇ. ವ್ಯಾನು ಬರುವ ತನಕ ನನಗೂ ಕಂಡಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದು, ದಂಡಿನವರು ಬೇಡವಾದ ಗಾಡಿಗಳನ್ನು ಹರಾಜು ಹಾಕುತ್ತಿದ್ದ ಕಾಲ. ಊರಿನ ಕೋರ್ಟಿನಲ್ಲಿ ವಕೀಲಿ ಮಾಡಿಕೊಂಡಿದ್ದ ನಾನು, ಹರಾಜು ಹೇಗಿರುತ್ತದೆಂದು ನೋಡಿಬರಲು ಬೆಂಗಳೂರಿಗೆ ಹೋದವನು, ಗಾಯಾಳುಗಳನ್ನು ಸಾಗಿಸುತ್ತಿದ್ದ ಹಳೆಯ ವ್ಯಾನೊಂದನ್ನು ಕೊಂಡುಕೊಂಡೇ ಬಂದೆ. ಒಳಗೆ ಎರಡು ಹಲಗೆಮಂಚ, ಪಾತ್ರೆ ಇಡಲು ಒಂದು ಗೂಡು. ಇದರಲ್ಲೇ ಅಡುಗೆ, ಇದರಲ್ಲೇ ನಿದ್ದೆ, ಇದರಲ್ಲೇ ತಿರುಪತಿ, ರಾಮೇಶ್ವರ ಎಂದು ಮನೆಯವರ ಮುಂದೆ ಭೂಗೋಳವನ್ನೇ ಬಿಚ್ಚಿದೆ. ನನ್ನ ಹೆಂಡತಿ ಸರೋಜ ಕೇಳಿದ್ದು ಒಂದೇ ಮಾತು. “ಪೆಟ್ರೋಲು?”

ಪೆಟ್ರೋಲು ರೇಷನ್ ಕೂಪನ್ನಿಗೆ ಸಿಗುತ್ತಿತ್ತು. ಕೂಪನ್ನು ಯಾರಿಗೂ ಸಿಗುತ್ತಿರಲಿಲ್ಲ.

ಹೋಗಲಾಗದಿದ್ದರೇನು, ನಿಂತಲ್ಲೇ ಯಾತ್ರೆಯ ಸುಖ ಕಾಣೋಣವೆಂದು ಒಂದು ಭಾನುವಾರ ಊಟವಾದ ಮೇಲೆ, ಗಾಲಿಗಳಿಗೆ ಕಲ್ಲು ಕೊಟ್ಟು, ಒಳಗೆ ಮಲಗಿದೆ. ಎಚ್ಚರವಾದಾಗ ಹಾಸಿಗೆ, ದಿಂಬು, ನೀರಿನ ಚೆಂಬು, ನಾನು, ಎಲ್ಲರೂ ಒಂದೇ ಮೂಲೆಯಲ್ಲಿ ಒಟ್ಟಾಗಿದ್ದೆವು. ಅಂದಿನಿಂದ ಕೋರ್ಟು ಮುಗಿದ ಕೂಡಲೇ ಕೋಟು ಬಿಚ್ಚಿ ಗುದ್ದಲಿ ಹಿಡಿದೆ. ಮೇಲಿನ ಮಣ್ಣು ಕಡಿದು ಕೆಳಗೆ ತುಂಬಿದೆ, ನೀರು ಚಿಮುಕಿಸಿ ದಮ್ಮಸ್ಸು ಹಾಕಿ ಗಟ್ಟಿ ಮಾಡಿದೆ, ಕಣ್ಣಳತೆಯಲ್ಲಿ ನೋಡಿ ಸಮವಾಯಿತೆಂದು ಸಾರಿದೆ. ಮರುವಾರ ಮಲಗಿ ನೋಡಿದರೆ ಎದುರು ಮೂಲೆಗೆ ಜಾರಿದ್ದೆ.

ಆಗ ಅಕ್ಕ ಹಿತ್ತಾಳೆ ತಟ್ಟೆಯ ತುಂಬ ನೀರು ತಂದು ನೆಲದ ಮೇಲಿಟ್ಟಳು. ಒಂದು ಅಂಚಿನಲ್ಲಿ ನೀರು ಹೊರಗೆ ಇಣುಕಿತು.

“ಕಣ್ಣು ಸುಳ್ಳು ಹೇಳುತ್ತೆ ಕಣೋ. ನೀರು ಹೇಳಲ್ಲ” ಎಂದಳು.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನನ್ನನ್ನು ಬೆಳೆಸಿ, ಆಮೇಲೆ ನನ್ನ ಮಕ್ಕಳನ್ನು ಎತ್ತಿ ಆಡಿಸಿದವಳು. ದಿನವೂ ಸಂಜೆ ತಟ್ಟೆ ಹಿಡಿದು ಬಂದು, ಇಲ್ಲಿ ಒಂದು ಬೆರಳು, ಅಲ್ಲಿ ಅರ್ಧ ಬೆರಳು ಎಂದು ಅವಳು ಹೇಳುವುದು, ನಾನು ಕೆತ್ತುವುದು. ಈ ವಯಸ್ಸಿನಲ್ಲಿ ಇವಳಿಗೇಕೆ ಇಷ್ಟು ಆಸಕ್ತಿ ಎಂದು ನಾನು ಕೇಳಲಿಲ್ಲ.

ತನ್ನ ಹೆಂಡತಿಯ ಕಡೆಯ ಜಮೀನಿನ ವ್ಯಾಜ್ಯಕ್ಕೆಂದು ನನ್ನಲ್ಲಿಗೆ ಬರುತ್ತಿದ್ದ ಶಿವಾರಪಟ್ಟಣದ ಶಿಲ್ಪಿ ವೀರಾಚಾರಿ ನಮ್ಮ ಸಾಹಸ ನೋಡಿ ಮರುಕಪಟ್ಟ. ಮುಂದಿನ ವಾಯಿದೆಗೆ ಬರುವಾಗ ನಾಲ್ಕು ಕಲ್ಲುಚಪ್ಪಡಿಗಳನ್ನೂ, ಗಾಜಿನ ಕೊಳವೆಯಲ್ಲಿ ಗುಳ್ಳೆ ತೇಲುವ ತನ್ನ ರಸಮಟ್ಟವನ್ನೂ ತಂದ. ಗಾಲಿಗೊಂದರಂತೆ ಚಪ್ಪಡಿ ಕೂರಿಸಿ, ಗುಳ್ಳೆ ನಡುವಿಗೆ ಬಂದು ನಿಂತಾಗ, “ಸರಿಪೋಯಿಂದಿ ಸ್ವಾಮಿ” ಎಂದು ಕೈ ಒರೆಸಿಕೊಂಡ. ಬಾಗಿಲು ಯಾವ ಕಡೆಗಿರಬೇಕೆಂದು ನೋಡುತ್ತ, “ಇದ್ರಾಗೆ ಮಲಗೋರು ಯಾರು?” ಎಂದು ಕೇಳಿದ.

ನಾನು ಬಾಯಿ ತೆರೆಯುವ ಮುನ್ನವೇ ಅಕ್ಕ, “ನಾನು” ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ.

“ಅಕ್ಕ, ಒಳಗೆ ಅಷ್ಟು ದೊಡ್ಡ ಮನೆ ಇಟ್ಕೊಂಡು ಅಂಗಳದಲ್ಲಿ ಮಲಗಿದ್ರೆ ಜನ ಏನಂತಾರೆ?”

“ದೊಡ್ಡ ಮನೆ ಸರಿ. ಅದರಲ್ಲಿ ನಾನು ಮಲಗೋದು ಎಲ್ಲಿ, ಹೇಳು.”

ಹೇಳಲು ಹೊರಟೆ. ಪಡಸಾಲೆಯೆ? ಅಲ್ಲಿ ನನ್ನ ಕಕ್ಷಿದಾರರು. ನಡುಮನೆಯೆ? ಅಲ್ಲಿ ಮಕ್ಕಳು. ಎಲ್ಲರೂ ಮಲಗಿದ ಮೇಲೆ ಉಳಿದ ಜಾಗದಲ್ಲಿ ಚಾಪೆ ಹಾಸಿ, ಎಲ್ಲರೂ ಏಳುವ ಮೊದಲೇ ಅದನ್ನು ಸುತ್ತಿಡುತ್ತಿದ್ದ ಅವಳ ಮೂವತ್ತು ವರ್ಷಗಳು ನನ್ನ ಕಣ್ಣಳತೆಗೆ ಸಿಕ್ಕೇ ಇರಲಿಲ್ಲ. ಪರರ ಗಡಿ, ಬದು, ಅನುಭೋಗದ ಹಕ್ಕುಗಳನ್ನು ಅಂಗುಲ ಬಿಡದೆ ವಾದಿಸುತ್ತಿದ್ದ ವಕೀಲ ನಾನು!

ಸರೋಜ ಬಾಗಿಲಲ್ಲಿ ನಿಂತಿದ್ದಳು. “ಜನ ಏನೋ ಒಂದು ಅಂತಾರೆ ಬಿಡಿ. ವ್ಯಾನು ತಂದಾಗ ಅನ್ನಲಿಲ್ವಾ?” ಎಂದವಳೇ ಒಳಗೆ ಹೋಗಿ ಅಕ್ಕನ ಚಾಪೆಯನ್ನೂ ತಗಡಿನ ಪೆಟ್ಟಿಗೆಯನ್ನೂ ತಂದಳು.

ಜನ ಅಂದರು. ತಿಂಗಳೊಪ್ಪತ್ತು ಅಂದು ಸುಮ್ಮನಾದರು. ಅಕ್ಕ ಕಿಟಕಿಗೆ ಹಳೆಯ ಸೀರೆಯ ಪರದೆ ಕಟ್ಟಿದಳು, ಗೂಡಿನಲ್ಲಿ ದೇವರಿಟ್ಟಳು, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಏನೋ ಹಾಡಿಕೊಳ್ಳುತ್ತಿದ್ದಳು. ಅವಳಿಗೆ ಹಾಡು ಬರುತ್ತದೆಂಬುದೇ ನಮಗೆ ಹೊಸ ಸುದ್ದಿ.

ಕೊನೆಗೊಮ್ಮೆ ಕೂಪನ್ನು ಸಿಕ್ಕಿತು. ತಿರುಪತಿಯವರೆಗೆ ಹೋಗಿಬರುವಷ್ಟು ಪೆಟ್ರೋಲು. ಸಂಭ್ರಮದಿಂದ ಅಂಗಳಕ್ಕೆ ಓಡಿದವನು ವ್ಯಾನಿನ ಹಿಡಿಗೆ ಕೈ ಹಾಕಿ ಎಳೆದೆ. ಒಳಗಿನಿಂದ ಚಿಲಕ ಹಾಕಿತ್ತು. ಹಿಡಿ ಬಿಟ್ಟು, ಮೆಲ್ಲಗೆ ಬಾಗಿಲು ತಟ್ಟಿದೆ.

“ಯಾರು?”

“ನಾನು ಕಣಕ್ಕ. ಒಂದು ಮಾತು ಕೇಳ್ಬೇಕಿತ್ತು.”

“ಸ್ವಲ್ಪ ತಾಳು, ಬರ್ತೀನಿ.”

ನನ್ನದೇ ಅಂಗಳದಲ್ಲಿ, ನಾನೇ ತಂದ ಗಾಡಿಯ ಮುಂದೆ, ಕೂಪನ್ನು ಹಿಡಿದುಕೊಂಡು, ನಾನು ತಾಳಿದೆ.