ಐದನೇ ಮಹಡಿಯ ಮೇಲಿನ ಅಟ್ಟ

ನಾನು ಊರುಗಳನ್ನು ಕಾಗದದ ಮೇಲೆ ಕಟ್ಟುವವಳು. ನಗರ ಯೋಜನೆ ಓದಿ, ಕಂಡವರ ಊರಿಗೆಲ್ಲ ರಸ್ತೆ ಎಳೆದ ಮೇಲೆ, ತಿಪಟೂರಿನ ಅಂಚಿನಲ್ಲಿ ನಮ್ಮವರದೇ ತೋಟಗಳಿರುವ ಕಡೆ ಮುಂದಿನ ಕಾಲದ ಬಡಾವಣೆಯೊಂದನ್ನು ರೂಪಿಸುವ ಕೆಲಸ ನನ್ನ ಪಾಲಿಗೆ ಬಂತು. ಊರು ಹೇಗೂ ಬೆಳೆಯುತ್ತದೆ. ಸೈಟು ಸೈಟಾಗಿ ಹರಡಿದರೆ ತೋಟವೆಲ್ಲ ಹೋಗುತ್ತದೆ, ಮನೆಗಳನ್ನು ಒತ್ತೊತ್ತಾಗಿ ಮೇಲಕ್ಕೆ ಕಟ್ಟಿದರೆ ಮರಗಳಾದರೂ ಉಳಿಯುತ್ತವೆ ಎನ್ನುವುದು ನನ್ನ ವಾದ. ಆದರೆ ನಟ್ಟನಡುವೆ ದೊಡ್ಡಪ್ಪನ ತೋಟವಿತ್ತು. ಅವರು ಒಪ್ಪದಿದ್ದರೆ ಬಸ್ಸಿನ ರಸ್ತೆ ಎರಡು ತುಂಡಾಗಿ, ನನ್ನ ಯೋಜನೆ ಕಸದ ಬುಟ್ಟಿ ಸೇರುತ್ತಿತ್ತು.

ರಟ್ಟಿನಲ್ಲಿ ಒಂದು ಮಾದರಿ ಮಾಡಿಕೊಂಡು ಅವರ ಮನೆಗೆ ಹೋದೆ. ಐದು ಮಹಡಿಯ ಮನೆಗಳು, ನಡುವೆ ಪಾರ್ಕು, ಸುತ್ತ ಬಸ್ಸಿಗೂ ಸೈಕಲ್ಲಿಗೂ ದಾರಿ. ತಾರಸಿಗಳ ಮೇಲೆ ಹಸಿರು ಸ್ಪಂಜು ಅಂಟಿಸಿ ಕೈತೋಟ ಮಾಡಿದ್ದೆ. ಜಗಲಿಯ ಮೇಲೆ ಅದನ್ನು ಇಟ್ಟದ್ದೇ, ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿಯೂ ಬಂದು ಕೂತರು. ದೊಡ್ಡಮ್ಮ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತಿದ್ದರು.

ದೊಡ್ಡಪ್ಪ ಮೊದಲು ಪಾರ್ಕು ನೋಡಿದರು. "ತೆಂಗಿನ ಮರದ ಕೆಳಗೆ ಬೆಂಚು ಯಾಕವ್ವ?"

"ನೆರಳಲ್ಲಿ ಕೂರಕ್ಕೆ ದೊಡ್ಡಪ್ಪ."

"ತಲೆ ಮೇಲೆ ಕಾಯಿ ಬೀಳಿಸ್ಕಳಕ್ಕೆ ಅನ್ನು."

ಬೆಂಚುಗಳನ್ನು ಕಿತ್ತು ದೂರ ಇಟ್ಟೆ. ಅಷ್ಟರಲ್ಲಿ ವ್ಯಾಪಾರಿ ಮಾದರಿಯ ದಾರಿಯಲ್ಲಿಟ್ಟಿದ್ದ ರಟ್ಟಿನ ಬಸ್ಸನ್ನು ಎತ್ತಿಕೊಂಡು ತಿರುಗಿಸಿ ನೋಡುತ್ತಿದ್ದರು. "ಶೆಟ್ಟಿಕೆರೆ ಬಸ್ಸಲ್ಲಿ ಮೂಟೆ ಮೇಲಕ್ಕೆ ಹಾಕ್ತಾರೆ. ನಿಮ್ಮ ಬಸ್ಸಲ್ಲಿ ಮೂಟೆ ಎಲ್ಲಿ ಕೂರ್ತವೆ?"

ಇದು ಜನಕ್ಕೆ ಮಾತ್ರ ಎಂದೆ. "ಮೂಟೆ ಬುಟ್ಟು ಬರೀ ಜನ ಹೋಗಿ ಏನು ಮಾಡಾದು?" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಆಮೇಲೆ ದೊಡ್ಡಪ್ಪ ಸಾರಿನ ಪಾತ್ರೆಯ ಮುಚ್ಚಳ ತೆಗೆದಂತೆ ಒಂದು ಮನೆಯ ತಾರಸಿಯನ್ನು ಎತ್ತಿ, ಒಳಗೆ ಇಣುಕಿದರು.

"ಅಟ್ಟ ಎಲ್ಲವ್ವ?"

ನಮ್ಮ ಕಡೆ ಕಿತ್ತ ಕಾಯಿ ಸಿಪ್ಪೆ ಸಮೇತ ಅಟ್ಟ ಸೇರುತ್ತದೆ. ವರ್ಷದ ಹತ್ತಿರ ಅಲ್ಲೇ ಮಲಗಿ, ನೀರೆಲ್ಲ ಇಂಗಿ, ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಕೊಬ್ಬರಿ ಆಯಿತೆಂದು ಅರ್ಥ. ಅಂಥ ಅಟ್ಟದ ಕೆಳಗೇ ಹುಟ್ಟಿ ಬೆಳೆದ ನಾನು, ಸೈಕಲ್ ನಿಲ್ಲಿಸಲೂ ಜಾಗ ಬರೆದಿದ್ದವಳು, ಅಟ್ಟವನ್ನು ಬರೆದೇ ಇರಲಿಲ್ಲ.

"ಐದನೇ ಮಹಡಿ ಮೇಲೆ ಎಲ್ಲರಿಗೂ ಸೇರಿಸಿ ಒಂದು ಅಟ್ಟ ಮಾಡ್ತೀನಿ" ಎಂದೆ.

"ಅದರ ಮೇಲೆ ಈ ಹುಲ್ಲಾ? ನೀನು ಗಿಡಕ್ಕೆ ನೀರು ಬುಟ್ರೆ ಅಟ್ಟದಲ್ಲಿ ಕಾಯಿ ಮೊಳಕೆ ಬತ್ತವೆ ಕಣವ್ವ."

ಸ್ಪಂಜನ್ನೂ ಕಿತ್ತೆ. ತಾರಸಿ ತೋಟದ ಬಗ್ಗೆ ನಾನು ಸಿದ್ಧಮಾಡಿಕೊಂಡಿದ್ದ ಭಾಷಣ ಅದರ ಜೊತೆಗೇ ಹೋಯಿತು.

"ಎಲ್ಲರ ಕಾಯೂ ಒಂದೇ ಅಟ್ಟದಲ್ಲಾ?" ಎಂದರು ವ್ಯಾಪಾರಿ. "ದಿನಾ ಪಂಚಾಯ್ತಿ ಆಯ್ತದೆ."

ದೊಡ್ಡಪ್ಪ ಟವೆಲು ಕೊಡವಿ ಎದ್ದರು. "ಬುಡವ್ವ, ನಮಗಿದು ಒಗ್ಗಕ್ಕಿಲ್ಲ. ಈ ಮನೇಲಿ ಎಲ್ಲಾ ಐತೆ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. ರಟ್ಟಿನ ಮನೆಗಳನ್ನು ಜೋಡಿಸಿಕೊಳ್ಳತೊಡಗಿದೆ. ಆಗ ದೊಡ್ಡಮ್ಮ ಕೂತಲ್ಲಿಂದಲೇ ಕೇಳಿದರು.

"ಆ ಮೂಲೇಲಿರೋ ಗೂಡು ಏನವ್ವ?"

"ಲಿಫ್ಟು ದೊಡ್ಡಮ್ಮ."

"ಅಟ್ಟದ ತನಕ ಹೋಗ್ತದಾ?"

ನನ್ನ ನಕ್ಷೆಯಲ್ಲಿ ಅದು ಐದನೇ ಮಹಡಿಗೇ ನಿಂತಿತ್ತು. "ಹೋಗುತ್ತೆ" ಎಂದೆ.

"ನಿಂಗ್ಯಾಕೆ ಅಟ್ಟ? ನಾನಿಲ್ವಾ?" ಎಂದರು ದೊಡ್ಡಪ್ಪ.

"ಇದ್ದೀರಿ ಕಣ್ರೀ. ನನ್ನ ಮಂಡಿ ಹೋದಾಗಿಂದ ನೀವೇ ಹತ್ತೋದು. ಆದ್ರೆ ನಿಮಗೆ ಕಿವಿ ಮಂದ. ಅಲ್ಲಾಡಿಸಿ ಆಯ್ತು ಅಂತೀರಿ, ಒಡೆದ್ರೆ ಒಳಗೆ ನೀರಿರ್ತದೆ."

ವ್ಯಾಪಾರಿ ಮುಖ ತಿರುಗಿಸಿ ಕೆಮ್ಮಿದರು. ಆ ಕೊಬ್ಬರಿ ಕೊಂಡವರು ಅವರೇ ಇರಬೇಕು.

ದೊಡ್ಡಮ್ಮನ ದನಿ ಇಳಿಯಿತು. "ಈ ಮನೇಲಿ ಎಲ್ಲಾ ಐತೆ ಅಂತೀರಿ. ನಾನು ಅಟ್ಟ ನೋಡಿ ಎಷ್ಟು ವರ್ಷ ಆಯ್ತು?"

ಮದುವೆಯಾಗಿ ಬಂದಾಗಿನಿಂದ ಅಟ್ಟದ ಏಣಿ ಹತ್ತಿ ಇಳಿದವರು ಅವರು. ಚಿಕ್ಕಂದಿನಲ್ಲಿ ನಾವು ಎಷ್ಟು ಕೂಗಿದರೂ ಅಲ್ಲಿಂದ ಬೇಗ ಇಳಿಯುತ್ತಿರಲಿಲ್ಲ. ಆ ತುಂಬಿದ ಮನೆಯಲ್ಲಿ ಒಬ್ಬರೇ ಕೂರಲು ಅವರಿಗಿದ್ದ ಜಾಗ ಅದೊಂದೇ ಎಂದು ನನಗೆ ಆಗ ಹೊಳೆಯಿತು.

ದೊಡ್ಡಪ್ಪ ಮತ್ತೆ ಕೂತರು. ಪಕ್ಕದಲ್ಲಿಟ್ಟಿದ್ದ ತಾರಸಿಯನ್ನು ತಾವೇ ಎತ್ತಿ ಅದರ ಜಾಗದಲ್ಲಿ ಇಟ್ಟರು.

"ಆ ಗೂಡು ಇನ್ನೂ ಅಗಲ ಮಾಡವ್ವ."

"ಮೂಟೆಗಾ ದೊಡ್ಡಪ್ಪ?"

"ಕುರ್ಚಿಗೆ. ಅವಳಿಗೆ ಅಷ್ಟೊತ್ತು ನಿಲ್ಲಕ್ಕಾಗಲ್ಲ."