ನೀರು ಕುಡಿದ ಇಂಜಿನ್ನು

ನೆರೆದ ಮಹಾಜನರೇ, ಕೇಳಿರಿ! ನೀರಿನಿಂದ ಓಡುವ ಬೈಕಿನ ವಿಡಿಯೋವನ್ನು ಮೊಮ್ಮಗ ಇವತ್ತು ತೋರಿಸಿ, ನಾಳೆ ತನ್ನ ಬೈಕಿಗೂ ನೀರು ಹಾಕುತ್ತೇನೆಂದ. ನನ್ನ ಮೂಗಿಗೆ ನಾನು ಹುಡುಗನಾಗಿದ್ದಾಗಿನ ಕಾರ್ಬೈಡಿನ ಘಾಟು ಬಡಿಯಿತು.

ಎರಡನೇ ಮಹಾಯುದ್ಧದ ಕಾಲ. ಎಣ್ಣೆ ಸಿಗದೆ ಆದೋನಿಯ ನಮ್ಮ ಹತ್ತಿ ಮಿಲ್ಲಿನ ಇಂಜಿನ್ನು ನಿಂತಿತ್ತು. ನಾಟಕದವರು ಕಾರ್ಬೈಡ್ ದೀಪಕ್ಕೆ ನೀರು ಹನಿಸಿದರೆ ಭಗ್ಗನೆ ಬೆಳಕಾಗುವುದನ್ನು ಅಪ್ಪ ನೋಡಿದ್ದ.

“ನೀರು ಉರಿತೈತಿ! ಇಂಜಿನ್ನೂ ನಡಿತೈತಿ!”

“ಉರಿಯೋದು ಕಾರ್ಬೈಡಿನ ಗ್ಯಾಸರಿ ಭಾವ, ನೀರಲ್ಲ,” ಎಂದ ಮೇಷ್ಟ್ರಾಗಿದ್ದ ಸೋದರಮಾವ.

“ನನ್ನ ಕಣ್ಣು ಸುಳ್ಳು, ನಿನ್ನ ಪುಸ್ತಕ ಖರೇ ಏನಲೇ?”

ಅಪ್ಪ ಎಣ್ಣೆಯ ಟ್ಯಾಂಕಿಗೆ ಬಾವಿ ನೀರಿನ ಕೊಡ ಬಗ್ಗಿಸಿದ. ಆಮೇಲೆ ಎಣ್ಣೆ ಬಂದರೂ ತುಕ್ಕು ಹಿಡಿದ ಇಂಜಿನ್ನು ಏಳಲಿಲ್ಲ, ಮಿಲ್ಲೂ ಏಳಲಿಲ್ಲ. “ಆ ಬಾವಿ ನೀರು ಉಪ್ಪುಪ್ಪು, ಸವಳಿತ್ತು” ಎಂದು ಅಪ್ಪ ಸಾಯುವತನಕ ಹೇಳಿದ.

ಇದನ್ನೆಲ್ಲ ಮೊಮ್ಮಗನಿಗೆ ಅಬ್ಬರಿಸಿ ಹೇಳಿದೆ.

“ನಂದು ಫಿಲ್ಟರ್ ನೀರು, ತಾತಾ,” ಎಂದ.

ನಾಳೆ ಮುಂಜಾನೆ ಅವನು ಬೈಕಿಗೆ ನೀರು ಹೊಯ್ಯುವಾಗ, ಫಿಲ್ಟರ್ ನೀರಿನ ಕ್ಯಾನು ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತೇನೆ. ನಾನೂ ಅಪ್ಪನ ಮಗನೇ ಅಲ್ಲವೇ!